ಹಲ್ಲಿಲ್ಲದ ಅಪ್ಪನಿಗೂ ಒಂದು ಪಾಲು

ಯುಗಾದಿ ಮಾರನೇ ದಿನ ಹೊಸತೊಡಕು. ನಮ್ಮ ಮಂಡ್ಯ ಕಡೆ ಅವತ್ತು ಬಾಡೂಟ ಇಲ್ಲದ ಮನೆ ಕಡಿಮೆ. ನಮ್ಮೂರಲ್ಲಿ ಹತ್ತಿಪ್ಪತ್ತು ಮನೆಯವರು ಸೇರಿ ವರ್ಷವಿಡೀ ಚೀಟಿ ಕಟ್ಟುತ್ತೇವೆ. ಹಬ್ಬದ ಮಾರನೇ ದಿನ ಬೆಳಗಿನ ಜಾವ ಕುರಿ ಕೊಯ್ದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ತೊಡೆ, ಎದೆ, ಲಿವರ್, ಬೋಟಿ, ಎಲ್ಲವೂ ಎಲ್ಲ ಗುಡ್ಡೆಗೂ ಸಮ. ಸುದ್ದಿಗಿಷ್ಟು ಅಂತ ದುಡ್ಡು ಎಣಿಸುವ ನಮ್ಮಂಥವರಿಗೆ ಹಬ್ಬ ದಾಟಲು ಈ ಗುಡ್ಡೆ ಬಾಡೇ ದಾರಿ.

ಎರಡು ವರ್ಷದಿಂದ ಅಪ್ಪ ಅವತ್ತು ಮುದ್ದೆ, ಸಾರು ಉಂಡು ಎದ್ದುಬಿಡುತ್ತಿದ್ದರು. ದವಡೆ ಹಲ್ಲು ಒಂದೂ ಉಳಿದಿಲ್ಲ. ತಟ್ಟೆಗೆ ಹಾಕಿದ ತುಂಡನ್ನು ಮೊಮ್ಮಗನ ತಟ್ಟೆಗೆ ದಾಟಿಸಿ, "ನಂಗೆ ಸಾರೇ ಸಾಕು ಕಣಪ್ಪ" ಅನ್ನೋರು. ಚಿಕ್ಕಂದಿನಿಂದ ಬನ್ನೂರು ಕುರಿ ಮೇಯಿಸಿದ ಮನುಷ್ಯ ಹಾಗಂದರೆ ನಮಗೆ ಉಂಡದ್ದು ಇಳಿಯುತ್ತಿರಲಿಲ್ಲ.

ಈ ಸಲ ತೊಡೆ ಬಾಡನ್ನು ಕೆಂಡದ ಮೇಲೆ ಸುಟ್ಟೆವು. ಅಮೆರಿಕದವರು ಸ್ಟೀಕ್ ಅಂತ ದನದ ಮಾಂಸದ ದಪ್ಪ ಹೋಳು ಸುಡುವುದನ್ನು ಫೋನಲ್ಲಿ ನೀವೂ ನೋಡಿರುತ್ತೀರಿ. ಅವರು ಹುಡುಕುವುದು ಮಾಂಸದೊಳಗಿನ ಬಿಳಿ ಕೊಬ್ಬಿನ ಎಳೆಯನ್ನು. ಅದು ಕರಗಿದರೆ ತುಂಡು ಮೆತ್ತಗೆ. ನಮ್ಮ ಬನ್ನೂರು ಕುರಿಗೆ ಹೆಸರು ಬಂದಿದ್ದೂ ಅದೇ ಗುಣಕ್ಕೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕಡೆಯ ಈ ತಳಿಗೆ ಮಂಡ್ಯ ಕುರಿ ಅಂತಲೂ ಕರೆಯುತ್ತಾರೆ. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ತಲೆಕೆಳಗಾದ ಯು ಅಕ್ಷರದ ಹಾಗೆ ಕಾಣುತ್ತದೆ.

ನಾವು ಮಾಡಿದ್ದು ಹೀಗೆ. ಮೂಳೆ ಬಿಡಿಸಿ, ಮಾಂಸದ ಎಳೆಗೆ ಅಡ್ಡವಾಗಿ ಹೆಬ್ಬೆರಳು ದಪ್ಪದ ಹೋಳು ಮಾಡಿಕೊಂಡೆವು. ಎಳೆ ತುಂಡಾದರೆ ಅಗಿಯುವ ಕೆಲಸ ಅರ್ಧ ಮುಗಿದಂತೆ. ಮಸಾಲೆ ಒಳಗೆ ಹೆಚ್ಚು ಇಳಿಯುವುದಿಲ್ಲ, ಅದಕ್ಕೇ ಚಾಕುವಿನಲ್ಲಿ ಗೀರು ಹಾಕಬೇಕು. ಒಂದು ಕೆ.ಜಿ.ಗೆ ಅರ್ಧ ಲೋಟ ಗಟ್ಟಿ ಮೊಸರು, ಅರೆದ ಶುಂಠಿ ಬೆಳ್ಳುಳ್ಳಿ, ಖಾರದಪುಡಿ, ಮೆಣಸು, ಅರಿಶಿನ, ಉಪ್ಪು ಕಲಸಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟೆವು. ಕೊನೆಯ ಒಂದು ಗಂಟೆಗೆ ಎರಡು ಚಮಚ ತುರಿದ ಪರಂಗಿಕಾಯಿ ಸೇರಿಸಿದೆವು. ಅದರ ಹಾಲಿನಲ್ಲಿರುವ ಪಪೈನ್ ಮಾಂಸದ ನಾರನ್ನು ಸಡಿಲಿಸುತ್ತದೆ. ರಾತ್ರಿಯಿಡೀ ಬಿಟ್ಟರೆ ಹೋಳು ಹಿಟ್ಟಿನ ಹಾಗಾಗುತ್ತದೆ. ನಿಂಬೆರಸ ತಿನ್ನುವಾಗ ಹಿಂಡಿದರೆ ಸಾಕು.

ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಹುಣಸೆ ಸೌದೆ ಮತ್ತು ತೆಂಗಿನ ಚಿಪ್ಪು ಉರಿಸಿದೆವು. ಉರಿಯಲ್ಲಿ ಸುಟ್ಟರೆ ಮೇಲೆ ಮಸಿ, ಒಳಗೆ ಹಸಿ. ಉರಿ ಆರಿ, ಕೆಂಡದ ಮೇಲೆ ಬಿಳಿ ಬೂದಿ ಕೂರುವವರೆಗೆ ಕಾಯಬೇಕು. ಒಂದು ಬದಿಗೆ ಕೆಂಡ ಹೆಚ್ಚು, ಇನ್ನೊಂದು ಬದಿಗೆ ಕಮ್ಮಿ ಎಳೆದುಕೊಳ್ಳಿ. ಮೊದಲು ಕಾವಿನಲ್ಲಿ ಎರಡೂ ಮಗ್ಗುಲು ಕೆಂಪಾಗಲಿ, ಆಮೇಲೆ ಕಮ್ಮಿ ಕಾವಿಗೆ ಸರಿಸಿ ಒಳಗೆ ಬೇಯಿಸಿ. ಸತುವಿನ ಲೇಪನವಿರುವ ಜಾಲರಿ ಬೇಡ, ಕಾದರೆ ಅದರ ಹೊಗೆ ವಿಷ. ಮುಚ್ಚಿದ ಕೋಣೆಯಲ್ಲಂತೂ ಕೆಂಡ ಇಡಲೇಬೇಡಿ. ಇಳಿಸಿದ ಮೇಲೆ ಬಾಳೆಎಲೆ ಮುಚ್ಚಿ ಐದು ನಿಮಿಷ ಬಿಟ್ಟರೆ ರಸ ಹೋಳಿನಲ್ಲೇ ನಿಲ್ಲುತ್ತದೆ.

ಸಣ್ಣಗೆ ಸೀಳಿ ಅಪ್ಪನ ತಟ್ಟೆಗೆ ಹಾಕಿದೆವು. ಮೊದಲನೆಯದನ್ನು ವಸಡಿನಲ್ಲೇ ಬಹಳ ಹೊತ್ತು ಆಡಿಸಿದರು. ನಾವ್ಯಾರೂ ಮಾತಾಡಲಿಲ್ಲ. ನಾಲ್ಕನೇ ತುಂಡಿಗೆ ಅವರೇ ಕೈ ಚಾಚಿದರು. ಆಮೇಲೆ ಅಂದರು: "ಮೆತ್ತಗೈತೆ ಕಣ್ಲಾ. ಆದ್ರೆ ಇದು ಬನ್ನೂರಲ್ಲ, ಬೆರಕೆ."

ವಿಚಾರಿಸಿದರೆ ನಿಜ. ದೊಡ್ಡ ಮೈಯ ಕುರಿಗಳ ಜೊತೆ ಬೆರೆತು ಅಪ್ಪಟ ತಳಿ ವರ್ಷವರ್ಷಕ್ಕೂ ಕರಗುತ್ತಿದೆ. ತೂಕಕ್ಕೆ ದುಡ್ಡು ಸಿಗುವಾಗ ಗಿಡ್ಡ ಕುರಿ ಸಾಕು ಅಂತ ರೈತನಿಗೆ ಹೇಳುವುದು ಸುಲಭವಲ್ಲ. ಅದರ ಮಾಂಸ ಬೇರೆ ಅಂತ ನಾಲಿಗೆಯಲ್ಲೇ ಗುರುತಿಸುವ ಅಪ್ಪನಂಥವರು ಎಷ್ಟು ದಿನ ಇರುತ್ತಾರೆ?

ಈ ವರ್ಷದ ಚೀಟಿ ದುಡ್ಡಿನಲ್ಲಿ ನಾಲ್ಕು ಮನೆಯವರು ಸೇರಿ ಅಪ್ಪಟ ತಳಿಯ ಒಂದು ಟಗರು, ಎರಡು ಹೆಣ್ಣು ಮರಿ ತಂದಿದ್ದೇವೆ. ಕೊಯ್ಯಲು ಅಲ್ಲ, ತಳಿಗೆ. ಆರಿಸಿದ್ದು ಅಪ್ಪ. ಸೊಪ್ಪು ತರಲು ಬೆಳಿಗ್ಗೆ ಆರಕ್ಕೇ ಹೊರಡುವವರೂ ಅವರೇ.