ನಾನು ಮಾಡದ ಸಾಲ

ಮಾಡಿದ್ದುಣ್ಣೋ ಮಹರಾಯ ಅಂತಾರೆ. ಆದ್ರೆ ಮಾಡದೇ ಇದ್ದದ್ದನ್ನೂ ಉಣ್ಣಬೇಕಾಗಿ ಬಂದ್ರೆ? ಇದೇನೂ ವೇದಾಂತದ ಪ್ರಶ್ನೆ ಅಲ್ಲ ಸ್ವಾಮಿ, ಶುದ್ಧ ಬ್ಯಾಂಕಿನ ಪ್ರಶ್ನೆ. ಬಹಳ ದಿನದಿಂದ ಬರೀಬೇಕು ಅಂದುಕೊಂಡಿದ್ದೆ, ಎಲ್ಲಾ ಮುಗಿದ ಮೇಲೇ ಬರೆಯೋಣ ಅಂತ ಸುಮ್ಮನಿದ್ದೆ. ಈಗ ಮುಗಿದಿದೆ, ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ದೇಶದಲ್ಲಿ ನಾಲ್ಕು ಕ್ರೆಡಿಟ್ ಬ್ಯೂರೋಗಳಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸಿಬಿಲ್ ಎಲ್ಲಕ್ಕಿಂತ ಮೊದಲು, 2000ದಲ್ಲಿ ಹುಟ್ಟಿದ್ದು. ಅದಕ್ಕೇ ಜನ ಎಲ್ಲವನ್ನೂ ‘ಸಿಬಿಲ್’ ಅಂತಲೇ ಕರೀತಾರೆ, ಎಲ್ಲಾ ನಕಲೂ ‘ಝೆರಾಕ್ಸ್’ ಆದ ಹಾಗೆ. ನೀವು ಎಲ್ಲಿ ಸಾಲ ತಗೊಂಡ್ರಿ, ಕಂತು ಯಾವ ತಿಂಗಳು ತಪ್ಪಿಸಿದ್ರಿ ಅನ್ನೋದನ್ನೆಲ್ಲ ಬ್ಯಾಂಕುಗಳು ಈ ನಾಲ್ಕೂ ಕಡೆ ವರದಿ ಮಾಡ್ತಾನೇ ಇರುತ್ತವೆ. ಅದರ ಮೇಲೆ 300ರಿಂದ 900ರ ಒಳಗೆ ಒಂದು ಅಂಕ. ಎಸ್ಸೆಲ್ಸಿ ಮುಗಿಸಿ ಮೂವತ್ತು ವರ್ಷ ಆದ ಮೇಲೆ ಮತ್ತೆ ಮಾರ್ಕ್ಸ್ ಕಾರ್ಡು! ಒಂದೇ ವ್ಯತ್ಯಾಸ, ಇದರಲ್ಲಿ ಪರೀಕ್ಷೆ ಬೇರೆ ಯಾರಾದ್ರೂ ಬರೆದರೂ ನಿಮ್ಮ ಹೆಸರಲ್ಲೇ ಫೇಲು.

ನನಗೆ ಅದು ಗೊತ್ತಾದದ್ದು 2024ರ ಜುಲೈನಲ್ಲಿ. ಒಂದು ಹಳೇ ಮನೆ ಕೊಳ್ಳೋಕೆ ಕರಾರು ಮಾಡಿಕೊಂಡು 3 ಲಕ್ಷ ಅಡ್ವಾನ್ಸ್ ಕೊಟ್ಟಿದ್ವಿ. 90 ದಿನದೊಳಗೆ ರಿಜಿಸ್ಟ್ರೇಷನ್ ಆಗಬೇಕು, ಇಲ್ಲಾಂದ್ರೆ ಅಡ್ವಾನ್ಸ್ ಹೋಯ್ತು. ಗೃಹಸಾಲಕ್ಕೆ ಅರ್ಜಿ ಹಾಕಿದ ಬ್ಯಾಂಕಿನವರು ನಾಲ್ಕನೇ ದಿನ ಕರೆದು, ‘ಸಾರ್, ನಿಮ್ಮ ಸ್ಕೋರು 612 ಇದೆ. ಎರಡು ಸಾಲ ಕಟ್ಟಿಲ್ಲ ನೀವು’ ಅಂದ್ರು.

ಜೀವನದಲ್ಲಿ ನಾನು ಮಾಡಿದ್ದು ಒಂದೇ ಸಾಲ, ಕಾರಿನದ್ದು. ಅದೂ ತೀರಿ ಮೂರು ವರ್ಷ ಆಗಿತ್ತು.

* * *

ರಿಪೋರ್ಟಿನಲ್ಲಿದ್ದ ಮೊದಲನೇ ಅನಿಷ್ಟ ಒಂದು ಬೈಕ್ ಸಾಲ. ಕೋಲಾರ ಕಡೆ ವಿಳಾಸ, 2019ರಿಂದ ಕಂತು ಬಾಕಿ. ಇದು ಕಳ್ಳತನ ಅಲ್ಲ, ಗೊಂದಲ. ನಮ್ಮ ಕಡೆ ಹೆಸರುಗಳ ಕಥೆ ನಿಮಗೆ ಗೊತ್ತೇ ಇದೆ. ಮಂಜುನಾಥ, ನಾಗರಾಜ, ಶ್ರೀನಿವಾಸ... ನನ್ನದೂ ಅಂಥದ್ದೇ ಒಂದು. ಬೀದಿಗೆ ಇಬ್ಬರು ಸಿಗ್ತಾರೆ. ಅದರ ಹಿಂದೆ ಎರಡು ಇನಿಷಿಯಲ್ಲು. ಒಂದು ದಾಖಲೆಯಲ್ಲಿ ಅದು ಊರು ಮತ್ತು ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತೆ, ಇನ್ನೊಂದರಲ್ಲಿ ಮುಂದಿದ್ದದ್ದು ಹಿಂದೆ ಬಂದಿರುತ್ತೆ, ಮತ್ತೊಂದರಲ್ಲಿ ಇನಿಷಿಯಲ್ಲೇ ಸರ್‌ನೇಮು ಆಗಿರುತ್ತೆ. ಇನ್ನು ಹುಟ್ಟಿದ ದಿನ? ನಮ್ಮ ತಲೆಮಾರಿನಲ್ಲಿ ಎಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೆ ನೋಡಿ. ಎಲ್ಲರನ್ನೂ ಹೆತ್ತದ್ದು ತಾಯಂದಿರಲ್ಲ, ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರು :)

ಪ್ಯಾನ್ ನಂಬರು ಸರಿಯಾಗಿ ತುಂಬಿಸದ ಸಾಲದ ದಾಖಲೆ ಇದ್ದರೆ ಕಂಪ್ಯೂಟರು ಹೆಸರು, ಹುಟ್ಟಿದ ದಿನ, ವಿಳಾಸ, ಫೋನು ಇವನ್ನೇ ತಾಳೆ ನೋಡುತ್ತೆ. ಒಂದೇ ಹೆಸರಿನ, ಒಂದೇ ಜೂನ್ 1ರ ಇಬ್ಬರು ಸಿಕ್ಕರೆ ಒಬ್ಬನ ಸಾಲ ಇನ್ನೊಬ್ಬನ ತಲೆಗೆ. ಕೋಲಾರದ ಆ ಪುಣ್ಯಾತ್ಮನಿಗೆ ಈ ವಿಷಯ ಗೊತ್ತೂ ಇಲ್ಲ ಪಾಪ. ಆನ್‌ಲೈನಿನಲ್ಲಿ ‘ಈ ಖಾತೆ ನನ್ನದಲ್ಲ’ ಅಂತ ತಕರಾರು ಹಾಕಿ, ಪ್ಯಾನ್ ಪ್ರತಿ ಮತ್ತು ವಿಳಾಸದ ದಾಖಲೆ ಕೊಟ್ಟೆ. ತಕರಾರು ಹಾಕೋಕೆ ದುಡ್ಡಿಲ್ಲ. 24 ದಿನಕ್ಕೆ ಆ ಸಾಲು ಮಾಯ ಆಯ್ತು.

ಎರಡನೆಯದ್ದು ನಿಜವಾದ ಕಳ್ಳತನ. 2023ರ ಮಾರ್ಚಿನಲ್ಲಿ ಮೊಬೈಲ್ ಆ್ಯಪ್ ಒಂದರ ಮೂಲಕ ನನ್ನ ಪ್ಯಾನ್ ಕೊಟ್ಟು 7,500 ರೂಪಾಯಿ ಸಾಲ ಎತ್ತಿದ್ದಾರೆ. ಒಂದು ಕಂತೂ ಕಟ್ಟಿಲ್ಲ. ಬಡ್ಡಿ, ದಂಡ ಎಲ್ಲಾ ಸೇರಿ 19,860 ಆಗಿ ಕೊನೆಗೆ ‘ರಿಟನ್ ಆಫ್’. ರಿಪೋರ್ಟಿನ ಕೊನೆಯಲ್ಲಿ ‘ಎನ್‌ಕ್ವೈರಿ’ ಅಂತ ಒಂದು ಪಟ್ಟಿ ಇರುತ್ತೆ, ಯಾರ್ಯಾರು ಯಾವತ್ತು ಸಾಲ ಕೊಡೋ ಮುಂಚೆ ನಿಮ್ಮ ರಿಪೋರ್ಟು ನೋಡಿದ್ರು ಅಂತ. ಯಾರೂ ಓದದ ಜಾಗ ಅದು. ನನ್ನ ಪಟ್ಟಿಯಲ್ಲಿ ಅದೇ ಮಾರ್ಚಿನ ಒಂದೇ ವಾರದಲ್ಲಿ ಆರು ಎನ್‌ಕ್ವೈರಿ! ಐದು ಕಡೆ ಬಾಗಿಲು ತಟ್ಟಿ, ಆರನೇ ಕಡೆ ತೆರೆಸಿಕೊಂಡಿದ್ದ ಕಳ್ಳ.

ಪ್ಯಾನ್ ಪ್ರತಿ ಎಲ್ಲಿಂದ ಸೋರಿತು ಅಂತ ಹುಡುಕೋದು ವ್ಯರ್ಥ. ಬಾಡಿಗೆ ಕರಾರಿಗೆ, ಬ್ಯಾಂಕಿಗೆ, ವಾಹನದ ವ್ಯವಹಾರಕ್ಕೆ, ಒಡವೆ ಅಂಗಡಿಗೆ, ಬ್ರೋಕರಿನ ವಾಟ್ಸಾಪಿಗೆ... ಕೊಡದಿದ್ರೆ ಕೆಲಸ ಆಗಲ್ಲ, ಕೊಟ್ಟ ಮೇಲೆ ಅದು ಯಾರ ಬೀರುವಿನಲ್ಲಿದೆ ಅಂತ ಕೇಳೋ ಹಾಗಿಲ್ಲ. 2022ರ ಫೆಬ್ರವರಿಯಲ್ಲಿ ನಟಿ ಸನ್ನಿ ಲಿಯೋನ್ ತಮ್ಮ ಪ್ಯಾನ್ ಬಳಸಿ ಯಾರೋ 2,000 ರೂಪಾಯಿ ಸಾಲ ಎತ್ತಿದ್ದಾರೆ ಅಂತ ಟ್ವಿಟರಿನಲ್ಲಿ ಬರೆದಿದ್ರು. ಅವರದ್ದು ಬೇಗ ಸರಿಹೋಯ್ತು. ನಮಗೆ ಅಷ್ಟು ಜನ ಫಾಲೋಯರ್ಸ್ ಇಲ್ಲವಲ್ಲ.

* * *

ಈಗ ನಿಜವಾದ ಪೇಚು. ಬ್ಯಾಂಕಿನವರು ಹೇಳಿದ್ದು, ‘ಸಾರ್, ನಿಮ್ಮ ಮನೆ ವ್ಯವಹಾರಕ್ಕೆ ಹೋಲಿಸಿದ್ರೆ ಇದೆಷ್ಟು? ಕಟ್ಟಿ ಎನ್‌ಒಸಿ ತಂದುಬಿಡಿ.’ ಹೆಂಡತಿ ಹೇಳಿದ್ದೂ ಅದನ್ನೇ, ‘ರೀ, ಅತ್ಲಾಗೆ ಬಿಸಾಕಿ. 3 ಲಕ್ಷ ಸಿಕ್ಕಿಹಾಕ್ಕೊಂಡಿದೆ.’ ಯಾರಿಂದಲೋ ವಾಸನೆ ಹಿಡಿದ ಹಾಗೆ ವಸೂಲಿ ಏಜೆಂಟನ ಫೋನೂ ಶುರುವಾಯ್ತು. ‘6,000ಕ್ಕೆ ಸೆಟಲ್ ಮಾಡ್ಕೊಡ್ತೀನಿ ಸಾರ್, ಇವತ್ತೇ ಲಾಸ್ಟ್.’ ಆ ‘ಇವತ್ತೇ ಲಾಸ್ಟ್’ ಮೂರು ವಾರ ನಡೀತು.

ಆರು ಸಾವಿರ ದೊಡ್ಡದಲ್ಲ ನಿಜ. ಆದ್ರೆ ಕಟ್ಟಿದ ಗಳಿಗೆಯಲ್ಲಿ ಆ ಸಾಲ ನನ್ನದಾಗಿಬಿಡುತ್ತೆ. ತನ್ನದಲ್ಲದ ಸಾಲವನ್ನ ಯಾರು ತೀರಿಸ್ತಾರೆ ಹೇಳಿ? ಮತ್ತೆ, ಕಡಿಮೆ ಕೊಟ್ಟು ಮುಗಿಸಿದ್ರೆ ರಿಪೋರ್ಟಿನಲ್ಲಿ ‘ಸೆಟಲ್ಡ್’ ಅಂತ ಬರುತ್ತೆ. ಅದು ‘ಕ್ಲೋಸ್ಡ್’ ಅಲ್ಲ. ಪೂರ್ತಿ ಕಟ್ಟದೆ ಚೌಕಾಸಿ ಮಾಡಿದವನು ಅಂತ ಮುಂದಿನ ಬ್ಯಾಂಕು ಓದಿಕೊಳ್ಳುತ್ತೆ. ಅಂದ್ರೆ ಕಳ್ಳನ ಕಳ್ಳತನಕ್ಕೆ ನಾನೇ ರುಜು ಹಾಕಿ ದುಡ್ಡೂ ಕೊಟ್ಟ ಹಾಗೆ. ಕಟ್ಟಲ್ಲ ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ, ಅದು ಬೇರೆ ವಿಷಯ.

ಇಲ್ಲೊಂದು ತಿಳ್ಕೊಳ್ಳಬೇಕಾದ ವಿಷಯ ಇದೆ. ಬ್ಯೂರೋ ತಾನೇ ಏನನ್ನೂ ಅಳಿಸಲ್ಲ. ಸಾಲ ಕೊಟ್ಟವರು ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ಹಾಗಾಗಿ ಬ್ಯೂರೋದ ಜೊತೆಗೆ ಸಾಲ ಕೊಟ್ಟ ಕಂಪನಿಗೂ ಬರೀಬೇಕು. ಫೋನಿನಲ್ಲಿ ಅಲ್ಲ, ಬರವಣಿಗೆಯಲ್ಲಿ. 2024ರ ಆಗಸ್ಟ್ 5ರಂದು ಎರಡೂ ಕಡೆಗೆ ಒಂದೇ ದಿನ ದೂರು ಹಾಕಿದೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದ ಪತ್ರದಲ್ಲಿ ‘ನಾನು ಸಾಲ ಮಾಡಿಲ್ಲ, ದಯವಿಟ್ಟು ನಂಬಿ’ ಅಂತ ಗೋಗರೆಯಲಿಲ್ಲ. ಮಾಡಿಲ್ಲ ಅನ್ನೋದಕ್ಕೆ ಯಾರ ಹತ್ರ ರಸೀದಿ ಇರುತ್ತೆ? ಅದರ ಬದಲು ಅವರನ್ನೇ ಕೇಳಿದೆ. ಸಾಲದ ಕರಾರು ಪತ್ರ ಕೊಡಿ. ಯಾವ ಮೊಬೈಲ್ ನಂಬರಿಗೆ ಒಟಿಪಿ ಹೋಯ್ತು? ಅರ್ಜಿಯಲ್ಲಿರೋ ಫೋಟೋ ಯಾರದ್ದು? ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಯಾವ ಬ್ಯಾಂಕ್ ಖಾತೆಗೆ ಹೋಯ್ತು?

ಈ ಕೊನೇ ಪ್ರಶ್ನೆಯನ್ನ ನೆನಪಿಟ್ಟುಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ತಂದ ಡಿಜಿಟಲ್ ಸಾಲದ ನಿಯಮದ ಪ್ರಕಾರ ಸಾಲದ ದುಡ್ಡು ನೇರವಾಗಿ ಸಾಲಗಾರನ ಬ್ಯಾಂಕ್ ಖಾತೆಗೇ ಹೋಗಬೇಕು. ಸಾಲ ನನ್ನದಾದ್ರೆ ಖಾತೆಯೂ ನನ್ನದಾಗಿರಬೇಕು ತಾನೆ?

ಪೊಲೀಸ್ ದೂರೂ ಬೇಕು. ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲಿ ಬರೆದು, ಅದರ ಸ್ವೀಕೃತಿ ಹಿಡಿದುಕೊಂಡು ಸೆನ್ ಠಾಣೆಗೆ ಹೋದೆ. ‘ನಿಮ್ಮ ದುಡ್ಡೇನೂ ಹೋಗಿಲ್ವಲ್ಲ ಸಾರ್, ಏನಂತ ಬರ್ಕೊಳ್ಳೋದು?’ ಅಂದ್ರು ಅಲ್ಲಿದ್ದವರು. ‘ಹೆಸರು ಹೋಗಿದೆ’ ಅಂದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಂ ಇರೋದೇ ಇದಕ್ಕೆ. ಇನ್ನೊಬ್ಬರ ಗುರುತನ್ನ ಮೋಸದಿಂದ ಬಳಸಿದ್ರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಅದನ್ನ ತೋರಿಸಿದ ಮೇಲೆ ಬರ್ಕೊಂಡ್ರು, ಕಾಫಿನೂ ಕೊಟ್ರು.

* * *

ಆಮೇಲೆ ಕಾಯೋದು. ತಕರಾರು ಹಾಕಿದ 30 ದಿನದೊಳಗೆ ಇತ್ಯರ್ಥ ಆಗಬೇಕು. ಅದರಲ್ಲಿ ಸಾಲ ಕೊಟ್ಟವರಿಗೆ 21 ದಿನ, ಉಳಿದದ್ದು ಬ್ಯೂರೋಗೆ. 30 ದಾಟಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ, ತಡ ಯಾರಿಂದ ಆಯ್ತೋ ಅವರು ಕೊಡಬೇಕು. 2023ರ ಅಕ್ಟೋಬರ್ 26ರಂದು ರಿಸರ್ವ್ ಬ್ಯಾಂಕು ಹೊರಡಿಸಿ, 2024ರ ಏಪ್ರಿಲ್ 26ರಿಂದ ಜಾರಿಗೆ ತಂದ ನಿಯಮ ಇದು.

ಕಂಪನಿಯಿಂದ ಒಂದಕ್ಷರ ಉತ್ತರ ಇಲ್ಲ. ಏಜೆಂಟು ಮಾತ್ರ ನಿಷ್ಠೆಯಿಂದ ಫೋನ್ ಮಾಡ್ತಿದ್ದ. 31ನೇ ದಿನ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲಿನಲ್ಲಿ ದೂರು ಕೊಟ್ಟೆ. 2022ರ ಸೆಪ್ಟೆಂಬರ್ 1ರಿಂದ ಕ್ರೆಡಿಟ್ ಬ್ಯೂರೋಗಳೂ ಈ ಯೋಜನೆಯ ಒಳಗೆ ಬರ್ತಾವೆ. ಇದಕ್ಕೂ ಶುಲ್ಕ ಇಲ್ಲ, ವಕೀಲರೂ ಬೇಡ. ದಿನಾಂಕದ ಪ್ರಕಾರ ಜೋಡಿಸಿದ ಕಾಗದ ಇದ್ರೆ ಸಾಕು.

ಅಕ್ಟೋಬರ್ 15ಕ್ಕೆ ಇಮೇಲ್ ಬಂತು. ದುಡ್ಡು ಹೋಗಿದ್ದ ಖಾತೆ ನನ್ನದಲ್ಲ, ಮೊಬೈಲ್ ನಂಬರು ನನ್ನದಲ್ಲ, ಫೋಟೋದಲ್ಲಿರೋನಿಗೆ ನನ್ನ ಅರ್ಧ ವಯಸ್ಸು. ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ನಾಲ್ಕು ಬ್ಯೂರೋಗಳಿಗೂ ತಿದ್ದುಪಡಿ ಕಳಿಸಿದ್ರು. ಒಟ್ಟು 71 ದಿನ. 30 ಕಳೆದು 41 ದಿನಕ್ಕೆ 4,100 ರೂಪಾಯಿ ಪರಿಹಾರವೂ ಬಂತು.

ಅಷ್ಟರಲ್ಲಿ ಮನೆ ಕರಾರಿನ 90 ದಿನ ಮುಗಿದಿತ್ತು. ಮನೆ ಮಾರುತ್ತಿದ್ದ ಹಿರಿಯರು ದೊಡ್ಡ ಮನಸ್ಸಿನವರು, ಇನ್ನೊಂದು ತಿಂಗಳು ಕೊಟ್ರು. ಆದ್ರೆ ಅವರಿಗೂ ದುಡ್ಡಿನ ಅಗತ್ಯ ಇತ್ತು, ಇನ್ನೂ ಒಂದೂವರೆ ಲಕ್ಷ ಕೇಳಿದ್ರು. ಹೆಂಡತಿಯ ಬಳೆ, ಸರ ಸೊಸೈಟಿಗೆ ಹೋದವು. ಮೂರು ತಿಂಗಳಿಗೆ ಬಡ್ಡಿ 4,500. ಪರಿಹಾರ ಬಂದಿದ್ದು ಅದಕ್ಕೂ ಸಾಲಲಿಲ್ಲ. ಮನೆ ಉಳೀತು. ಒಡವೆ ಬಿಡಿಸಿಕೊಂಡು ಬಂದ ದಿನ ಅವಳು ಅಂದಿದ್ದು ಇಷ್ಟೇ: ‘ಕಟ್ಟದೇ ಇದ್ದಿದ್ದು ಒಳ್ಳೇದಾಯ್ತು ಬಿಡಿ. ಆದ್ರೆ ಆ ಮೂರು ತಿಂಗಳು ನನಗೆ ನಿದ್ದೆ ಇರ್ಲಿಲ್ಲ.’ ಆ ನಿದ್ದೆಗೆ ದಿನಕ್ಕೆ ನೂರು ರೂಪಾಯಿ ಲೆಕ್ಕ ಯಾವ ಸುತ್ತೋಲೆಯಲ್ಲೂ ಇಲ್ಲ.

* * *

ಇಷ್ಟೆಲ್ಲಾ ಓದಿದ ಮೇಲೆ ನೀವು ಮಾಡಬೇಕಾದ್ದು:

ಒಂದು, 2017ರಿಂದ ನಾಲ್ಕೂ ಬ್ಯೂರೋಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನ ಸ್ಕೋರಿನ ಸಮೇತ ಪುಕ್ಕಟೆ ಕೊಡಬೇಕು. ನಾಲ್ಕನ್ನೂ ತೆಗೀರಿ. ನನ್ನ ಆ್ಯಪ್ ಸಾಲ ಮೂರರಲ್ಲಿತ್ತು, ಕೋಲಾರದ ಬೈಕು ಒಂದರಲ್ಲಿ ಮಾತ್ರ.

ಎರಡು, ಬರೀ ಸ್ಕೋರು ನೋಡಿ ಮುಚ್ಚಿಡಬೇಡಿ. ಎನ್‌ಕ್ವೈರಿ ಪಟ್ಟಿ ಓದಿ. ಹೆಸರು, ವಿಳಾಸ, ಫೋನ್ ನಂಬರೂ ಓದಿ. ಯಾರಾದ್ರೂ ನಿಮ್ಮ ರಿಪೋರ್ಟು ನೋಡಿದ್ರೆ ಬ್ಯೂರೋಗಳು ಎಸ್ಸೆಮ್ಮೆಸ್ಸೋ ಇಮೇಲೋ ಕಳಿಸಬೇಕು ಅಂತ ಈಗ ನಿಯಮ ಇದೆ. ಆದ್ರೆ ಅಲ್ಲಿರೋ ನಂಬರು ಕಳ್ಳನದ್ದಾಗಿದ್ರೆ ಎಚ್ಚರಿಕೆಯ ಮೆಸೇಜು ಹೋಗೋದೂ ಕಳ್ಳನಿಗೇ!

ಮೂರು, ನಿಮ್ಮದಲ್ಲದ ಸಾಲಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಎಷ್ಟೇ ಚಿಕ್ಕದಾಗಿರಲಿ, ಎಷ್ಟೇ ಅವಸರ ಇರಲಿ.

ಕೊನೆಯದಾಗಿ, ಅಪ್ಪ ಅಮ್ಮಂದೂ ತೆಗೆದು ನೋಡಿ. ಪೆನ್ಷನ್ನಿನಲ್ಲಿ ಬದುಕೋ, ಸಾಲದ ಹೆಸರೆತ್ತಿದ್ರೆ ಬೆಚ್ಚಿಬೀಳೋ ಹಿರಿಯರೇ ಇಂಥ ಕಳ್ಳರಿಗೆ ಅನುಕೂಲ. ಅವರು ಯಾವತ್ತೂ ಬ್ಯಾಂಕಿಗೆ ಸಾಲ ಕೇಳೋಕೆ ಹೋಗಲ್ಲ, ಹಾಗಾಗಿ ಯಾವತ್ತೂ ಗೊತ್ತೂ ಆಗಲ್ಲ. ನಮ್ಮಮ್ಮನದ್ದು ತೆಗೆದು ನೋಡಿದೆ. ಒಂದೇ ಒಂದು ಸಾಲವೂ ಇಲ್ಲ, ಹಾಗಾಗಿ ಸ್ಕೋರೇ ಇಲ್ಲ. ‘ಫೇಲಾ?’ ಅಂತ ಕೇಳಿದ್ಲು ಗಾಬರಿಯಿಂದ. ಪರೀಕ್ಷೆಗೇ ಕೂತಿಲ್ಲ ಬಿಡಮ್ಮ ಅಂದೆ.