ತಾರೀಖು ತಪ್ಪಿದ ಲ್ಯಾಪ್‌ಟಾಪ್

ಈ ಕಥೆ ಶುರುವಾಗಿದ್ದು ಮಾವಿನಮಿಡಿಯಿಂದ. ಕಳೆದ ಮಾರ್ಚಿನ ಒಂದು ಶುಕ್ರವಾರ, ಶಿರಸಿಯಿಂದ ಭಾವ ಬಸ್ಸಿನಲ್ಲಿ ಕಳಿಸಿದ ಅಪ್ಪೆಮಿಡಿ ಡೊಂಬಿವಲಿಯ ನಮ್ಮ ಮನೆಗೆ ಬಂತು. ಮಿಡಿ ಕಾಯುವ ಜಾತಿಯದಲ್ಲ, ಒಂದೆರಡು ದಿನದೊಳಗೆ ಉಪ್ಪಿಗೆ ಬೀಳಬೇಕು. ಉಪ್ಪು ಎಷ್ಟು? ಹೆಂಡತಿ ನನ್ನ ಮುಖ ನೋಡಿದಳು. ನಾನು ಅಟ್ಟದ ಕಡೆ ನೋಡಿದೆ.

ಅಮ್ಮ ಹೋಗಿದ್ದು 2017ರಲ್ಲಿ. ಅದಕ್ಕೂ ಮೊದಲು, 2014ರ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ, ಅವಳು ಮಿಡಿ ಹಾಕುತ್ತಾ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಬಂದ ಮೇಲೆ ಲ್ಯಾಪ್‌ಟಾಪಿಗೆ ಹಾಕಿದ್ದೆ. ಆ ಮೊಬೈಲ್ ಹಾಳಾಯಿತು. ಲ್ಯಾಪ್‌ಟಾಪ್ 2019ರಲ್ಲಿ ಅಟ್ಟ ಸೇರಿತು. ಬೇರೆ ಪ್ರತಿ ಇರಲಿಲ್ಲ.

ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಒಂದು ಕಾಲದಲ್ಲಿ ಶಾಖೆಯಲ್ಲಿ ದಿನದ ಕೊನೆಗೆ ಬ್ಯಾಕಪ್ ತೆಗೆದು, ಒಂದು ಪ್ರತಿಯನ್ನು ಪಕ್ಕದ ಶಾಖೆಗೆ ಕಳಿಸಿ, ರಿಜಿಸ್ಟರಿಗೆ ಸಹಿ ಹಾಕುತ್ತಿದ್ದವನು ನಾನೇ! ಬ್ಯಾಂಕಿನ ಲೆಕ್ಕಕ್ಕೆ ಎರಡು ಪ್ರತಿ, ಅಮ್ಮನ ದನಿಗೆ ಒಂದೇ ಪ್ರತಿ.

ಧೂಳು ಒರೆಸಿ ಚಾರ್ಜರ್ ಚುಚ್ಚಿದೆ. ಬ್ಯಾಟರಿ ಪೂರ್ತಿ ಸತ್ತಿತ್ತು, ಆದರೆ ಕರೆಂಟಿನಲ್ಲಿ ಯಂತ್ರ ಎದ್ದಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ನೋ ಬೂಟಬಲ್ ಡಿವೈಸ್. ಆಫ್ ಮಾಡಿ ಆನ್ ಮಾಡಿದೆ. ಅದೇ ಮಾತು.

ಶನಿವಾರ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಹುಡುಗ ಎರಡು ನಿಮಿಷ ನೋಡಿ, "ಹಾರ್ಡ್ ಡಿಸ್ಕ್ ಹೋಗಿದೆ ಅಂಕಲ್, ಹೊಸದು ಹಾಕಬೇಕು, ಡಾಟಾ ಸಿಗಲ್ಲ" ಅಂದ. ಅವನು ಮರಾಠಿಯಲ್ಲಿ ಹೇಳಿದ ಆ "ಗೇಲಿ" ಅನ್ನುವ ಶಬ್ದ ಎದೆಗೆ ಬಡಿಯಿತು. ಲ್ಯಾಪ್‌ಟಾಪ್ ಅವನ ಕೈಯಿಂದ ತೆಗೆದುಕೊಂಡು ಮನೆಗೆ ಬಂದೆ.

ರಾತ್ರಿ ಹೈದರಾಬಾದಿನಲ್ಲಿರುವ ಮಗನಿಗೆ ಫೋನ್ ಮಾಡಿದೆ.

"ಅಪ್ಪಾ, ಪೆನ್‌ಡ್ರೈವ್ ಏನಾದರೂ ಸಿಕ್ಕಿಸಿದ್ದೀಯಾ? ಅದರಿಂದಲೂ ಹೀಗಾಗುತ್ತೆ."

ಇರಲಿಲ್ಲ.

"ಒಳಗೆ ಕಟ ಕಟ ಅಂತ ಸದ್ದು ಬರ್ತಿದೆಯಾ?"

ಕಿವಿ ಇಟ್ಟು ಕೇಳಿದೆ. ತಣ್ಣಗೆ ತಿರುಗುವ ಸದ್ದು ಬಿಟ್ಟರೆ ಬೇರೇನಿಲ್ಲ.

"ಒಳ್ಳೇದು. ಕಟ ಕಟ ಇದ್ದಿದ್ದರೆ ಕೂಡಲೇ ಆಫ್ ಮಾಡು ಅಂತಿದ್ದೆ. ಈಗ ಆನ್ ಮಾಡಿದ ತಕ್ಷಣ ಎಫ್2 ಒತ್ತುತ್ತಾ ಇರು."

ನೀಲಿ ಪರದೆ ಬಂತು. ಇದು ಬಯಾಸ್. ವಿಂಡೋಸ್ ಏಳುವ ಮೊದಲೇ ಏಳುವ ಪುಟ್ಟ ಪ್ರೋಗ್ರಾಂ, ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿ ಇರುತ್ತದೆ. ಅಲ್ಲಿ ಡಿಸ್ಕಿನ ಹೆಸರು ಸ್ಪಷ್ಟವಾಗಿತ್ತು, 500 ಜಿಬಿ ಅಂತ. ಅಂದರೆ ಡಿಸ್ಕ್ ಯಂತ್ರಕ್ಕೆ ಕಾಣುತ್ತಿದೆ, ಪೂರ್ತಿ ಸತ್ತಿಲ್ಲ.

ಆದರೆ ನನ್ನ ಕಣ್ಣಿಗೆ ಬಿದ್ದಿದ್ದು ಅದಕ್ಕಿಂತ ಮೇಲಿನ ಸಾಲು. ತಾರೀಖು: 2013, ಜನವರಿ 1.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹೆಡ್ ಕ್ಲರ್ಕ್ ಹೇಳುತ್ತಿದ್ದರು, ಲೆಕ್ಕ ತಾಳೆಯಾಗದಿದ್ದರೆ ಅಂಕಿ ನೋಡುವ ಮೊದಲು ತಾರೀಖು ನೋಡು ಅಂತ. ಮಗನಿಗೆ ಹೇಳಿದೆ. ಅವನು ಆ ಕಡೆಯಿಂದ ನಕ್ಕ. "ಅಪ್ಪಾ, ಸಿಕ್ಕಿತು!"

ವಿಷಯ ಇಷ್ಟೇ. ಮದರ್‌ಬೋರ್ಡಿನ ಮೇಲೆ ಗಡಿಯಾರದಲ್ಲಿರುವಂಥ ಒಂದು 3 ವೋಲ್ಟಿನ ಬಟನ್ ಸೆಲ್ ಇರುತ್ತದೆ. ತಾರೀಖು, ಕೆಲವು ಯಂತ್ರಗಳಲ್ಲಿ ಸೆಟ್ಟಿಂಗುಗಳು ಕೂಡ, ಅದರ ಬಲದಲ್ಲೇ ಉಳಿಯುವುದು. ಅಟ್ಟದ ಮೇಲೆ ದೊಡ್ಡ ಬ್ಯಾಟರಿಯೂ ಸತ್ತು, ಸೆಲ್ಲೂ ಸತ್ತು, ನನ್ನ ಲ್ಯಾಪ್‌ಟಾಪ್ ಎಲ್ಲ ಮರೆತು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಗಿತ್ತು. ಅದು 2013ರಲ್ಲಿ ವಿಂಡೋಸ್ 8 ಜೊತೆ ಬಂದದ್ದು. ನನಗೆ ಒಗ್ಗದೆ ವಿಂಡೋಸ್ 7 ಹಾಕಿಸಿದ್ದೆ, ಹಳೆಯ 'ಲೆಗಸಿ' ಪದ್ಧತಿಯಲ್ಲಿ. ಆ ಪದ್ಧತಿಯಲ್ಲಿ ಯಂತ್ರ ಡಿಸ್ಕಿನ ಮೊದಲ 512 ಬೈಟ್ ಓದಿ ದಾರಿ ಹಿಡಿಯುತ್ತದೆ. ಹೊಸ 'ಯುಇಎಫ್ಐ' ಪದ್ಧತಿಯಲ್ಲಿ ಬೇರೆಯೇ ಒಂದು ಪುಟ್ಟ ವಿಭಾಗವನ್ನು ಹುಡುಕುತ್ತದೆ. ನನ್ನ ಡಿಸ್ಕಿನಲ್ಲಿ ಅದು ಇಲ್ಲ. ಇಲ್ಲದ್ದನ್ನು ಹುಡುಕಿ, ಡಿಸ್ಕೇ ಇಲ್ಲ ಅನ್ನುತ್ತಿತ್ತು.

ಎರಡು ವರ್ಷ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಕೌಂಟರಿನಲ್ಲಿ ಎಷ್ಟೋ ಅಜ್ಜಂದಿರು "ನನ್ನ ದುಡ್ಡು ಹೋಯ್ತಾ ಸಾಹೇಬ್ರೆ?" ಅಂತ ಗಾಬರಿಯಾಗಿ ಕೇಳಿದ್ದಾರೆ. ಎಲ್ಲೂ ಹೋಗಿಲ್ಲ, ಕಾಗದ ಕೊಡಿ, ತೆರೆಯುತ್ತೆ ಅಂತ ಹೇಳುತ್ತಿದ್ದೆ. ಆ ರಾತ್ರಿ ನಾನೇ ಕೌಂಟರಿನ ಈಚೆ ನಿಂತಿದ್ದೆ.

ಕೂಡಲೇ ಸೆಟ್ಟಿಂಗ್ ಬದಲಿಸಲು ಹೊರಟೆ. ಮಗ ತಡೆದ. "ಮೊದಲು ನಕಲು, ಆಮೇಲೆ ರಿಪೇರಿ. ಹಳೇ ಡಿಸ್ಕ್, ಇನ್ನೊಂದು ಸಲ ತಿರುಗುತ್ತೆ ಅನ್ನೋ ಗ್ಯಾರಂಟಿ ಇಲ್ಲ." ಹೊಸ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಉಬುಂಟು ಹಾಕಿಸಿದ. ಅದರಿಂದ ಹಳೆಯದನ್ನು ಎಬ್ಬಿಸಿದಾಗ ಎರಡು ಆಯ್ಕೆ ಬಂತು: ಟ್ರೈ, ಇನ್‌ಸ್ಟಾಲ್. "ಇನ್‌ಸ್ಟಾಲ್ ಮುಟ್ಟಿದರೆ ಡಿಸ್ಕ್ ಅಳಿಸಿಹೋಗಬಹುದು, ನೋಡ್ಕೋ" ಅಂದ. ಬೆರಳು ನಡುಗುತ್ತಿತ್ತು. ಟ್ರೈ ಒತ್ತಿದೆ. ಫೋಲ್ಡರುಗಳು ಒಂದೊಂದಾಗಿ ತೆರೆದುಕೊಂಡವು. 'ಅಮ್ಮ ಮಿಡಿ' ಅಂತ ಫೈಲ್. ಮೊದಲು ಅದನ್ನು ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಂಡೆ, ಆಮೇಲೆ ಉಳಿದದ್ದು.

ಭಾನುವಾರ ಬೆಳಿಗ್ಗೆ ಹೊಸ ಸೆಲ್ ತಂದು, ಚಾರ್ಜರ್ ಕಿತ್ತು, ಹಿಂಬದಿಯ ಸ್ಕ್ರೂ ಬಿಚ್ಚಿ ಹಾಕಿದೆ. ತಾರೀಖು ಸರಿಮಾಡಿ, ಬೂಟ್ ಮೋಡ್ ಲೆಗಸಿಗೆ ತಿರುಗಿಸಿದೆ. ವಿಂಡೋಸ್ 7 ಏನೂ ಆಗದವರ ಹಾಗೆ ಎದ್ದು ಕೂತಿತು. 2020ರ ಜನವರಿಗೇ ಅದರ ಸುರಕ್ಷತಾ ಬೆಂಬಲ ಮುಗಿದಿರುವುದರಿಂದ ಇಂಟರ್ನೆಟ್ ಮಾತ್ರ ಕೊಟ್ಟಿಲ್ಲ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಇದ್ದರೆ ಇವತ್ತೇ ಇಳಿಸಿ, ಎರಡು ಕಡೆ ನಕಲು ಮಾಡಿಡಿ. ಯಾರಾದರೂ "ಹೋಗಿದೆ" ಅಂದರೆ ತಾರೀಖು ಒಮ್ಮೆ ನೋಡಿ.

ಅಂದಹಾಗೆ, ಉಪ್ಪಿನ ಅಳತೆ. ಅಡುಗೆಮನೆಯಲ್ಲಿ ಮಿಡಿಯ ರಾಶಿ ಮುಂದೆ ಕೂತು ಇಬ್ಬರೂ ಕೇಳಿದೆವು. ಹಿಂದೆ ಕಾಗೆ ಕೂಗುತ್ತಿದೆ, ಭರಣಿ ಸರಿಸುವ ಸದ್ದು. ಅಮ್ಮನ ದನಿ: "ಉಪ್ಪಾ? ಕೈಯಂದಾಜು ಮಾರಾಯಾ. ಅಳತೆ ಗಿಳತೆ ಎಲ್ಲಿಂದ? ಆ ಮೊಬೈಲ್ ಬದಿಗಿಟ್ಟು ಕೈ ತೊಳ್ಕೊಂಡು ಬಾ."

ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. ನಾನು ಎದ್ದು ಕೈ ತೊಳೆದು ಬಂದೆ.