ಊನವಿರುವುದು ಅಂಗದಲ್ಲಿಯೋ, ಮಾತಿನಲ್ಲಿಯೋ?

ರೋಗಕ್ಕೆ ಔಷಧವನ್ನು ಕೊಡುವವನು ವೈದ್ಯ. ರೋಗಿಗೆ ಹೆಸರನ್ನು ಕೊಡುವುದು ಸಮಾಜ. ಔಷಧದ ಗುಣದೋಷಗಳನ್ನು ವಿಚಾರಿಸಿ ತೆಗೆದುಕೊಳ್ಳುವವರು ಬಹಳ ಮಂದಿ. ಹೆಸರಿನ ಗುಣದೋಷಗಳನ್ನು ವಿಚಾರಿಸಿ ಇಡುವವರು ವಿರಳ.

ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಡಿಗೇನಹಳ್ಳಿಯ ದಿನಸಿ ಅಂಗಡಿಯೊಂದರ ಉದ್ರಿ ಪುಸ್ತಕದಲ್ಲಿ ಒಂದೇ ಹೆಸರಿನ ಮೂವರು ಗಿರಾಕಿಗಳಿದ್ದರು. ಲೆಕ್ಕ ತಪ್ಪಬಾರದೆಂದು ಗುಮಾಸ್ತನು ಒಬ್ಬರ ಹೆಸರಿಗೆ ತೋಟದ ಗುರುತನ್ನೂ, ಇನ್ನೊಬ್ಬರಿಗೆ ತಂದೆಯ ಹೆಸರನ್ನೂ, ಮೂರನೆಯವರಿಗೆ ‘ಕುಂಟ’ ಎಂಬ ಪದವನ್ನೂ ಸೇರಿಸಿದ್ದನು. ಆ ರೈತರು ಬಾಲ್ಯದಲ್ಲಿ ಪೋಲಿಯೋದಿಂದ ಒಂದು ಕಾಲಿನ ಬಲವನ್ನು ಕಳೆದುಕೊಂಡವರು. ಅಂಗಡಿಯ ಬಾಕಿಯನ್ನು ಮಾತ್ರ ಎಂದೂ ಉಳಿಸಿಕೊಂಡವರಲ್ಲ. ಒಂದು ದಿನ ಮಾಸಾಶನದ ಅರ್ಜಿಯನ್ನು ಬರೆಯಿಸಿಕೊಳ್ಳಲು ಅವರು ಅಂಗಡಿಗೆ ಬಂದರು. ಗುಮಾಸ್ತನು ಓದಿದ ‘ವಿಕಲಚೇತನ’ ಎಂಬ ಪದಕ್ಕೆ ಅರ್ಥವೇನೆಂದು ಕೇಳಿದರು. ಪದವನ್ನು ಬಿಡಿಸಿ ಹೇಳಿದಾಗ, ‘ಹೋದದ್ದು ಕಾಲಲ್ಲವೇ ಸ್ವಾಮಿ, ಚೇತನ ಯಾವಾಗ ಹೋಯಿತು?’ ಎಂದರು. ಉದ್ರಿ ಪುಸ್ತಕವು ಅವರ ಕಣ್ಣೆದುರಿಗೇ ತೆರೆದಿತ್ತು.

ಈ ಪ್ರಶ್ನೆಯು ನಕ್ಕು ಮರೆಯತಕ್ಕದ್ದಲ್ಲ. ಕುಂಟ, ಕುರುಡ ಎಂಬ ಪದಗಳು ನೋಯಿಸುತ್ತವೆಂದು ‘ಅಂಗವಿಕಲ’ ಎಂಬುದು ಬಳಕೆಗೆ ಬಂತು. ಅದೂ ಕಠಿನವೆನಿಸಿ ‘ವಿಕಲಚೇತನ’ ಎಂಬುದು ಬಂತು. ಇಂದು ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲಿಯೇ ಆ ಪದವಿದೆ. ಉದ್ದೇಶವು ದಯೆಯದೇ. ಆದರೆ ಅಂಗದಲ್ಲಿದ್ದ ಊನವನ್ನು ಆ ಪದವು ಚೇತನಕ್ಕೆ ವರ್ಗಾಯಿಸಿತು. ಚೇತನವೇ ಜೀವದ ಲಕ್ಷಣವೆಂಬುದು ಜೈನ ಸಿದ್ಧಾಂತದ ಮೊದಲ ಪಾಠ. ಕೈಕಾಲುಗಳು ಪುದ್ಗಲ, ಅವುಗಳಿಗೆ ಊನವುಂಟು, ನಾಶವುಂಟು. ಜ್ಞಾನವನ್ನು ಕರ್ಮವು ಮುಚ್ಚಬಲ್ಲುದೇ ಹೊರತು ಇಲ್ಲವಾಗಿಸಲಾರದು. ನಿಗೋದದ ಜೀವದಲ್ಲಿಯೂ ಜ್ಞಾನದ ಅತ್ಯಲ್ಪ ಅಂಶವೊಂದು ತೆರೆದೇ ಇರುತ್ತದೆಂದು ಆಚಾರ್ಯರು ಹೇಳಿರುವಾಗ, ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ದುಡಿಯುವ ಮನುಷ್ಯನನ್ನು ವಿಕಲಚೇತನನೆನ್ನುವುದು ಹೇಗೆ?

ಕನ್ನಡದ ನಡೆಯಲ್ಲಿಯೇ ಇದಕ್ಕೊಂದು ಪರಿಹಾರವಿದೆ. ‘ಅವನಿಗೆ ಜ್ವರ ಬಂದಿದೆ’ ಎನ್ನುತ್ತೇವೆ. ಇಳಿದಾಗ ‘ಜ್ವರ ಬಿಟ್ಟಿತು’ ಎನ್ನುತ್ತೇವೆ. ಸಿಡುಬು ಬಂದ ಮನೆಯಲ್ಲಿ ಹಿರಿಯರು ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ರೋಗವು ಬರುವುದು, ಹೋಗುವುದು. ಮನುಷ್ಯನು ಬೇರೆ, ಅವನಿಗೆ ಬಂದದ್ದು ಬೇರೆ. ಭೇದವಿಜ್ಞಾನವೆಂದು ಶಾಸ್ತ್ರಗಳು ಕರೆಯುವ ವಿವೇಕದ ನೆರಳು ಈ ಸಾಮಾನ್ಯ ವಾಕ್ಯದಲ್ಲಿದೆ. ಆದರೆ ಭಯವಿದ್ದೆಡೆ ಭಾಷೆಯು ಈ ವಿವೇಕವನ್ನು ಬಿಡುತ್ತದೆ. ಅಲ್ಲಿ ರೋಗವು ಬರುವುದಿಲ್ಲ; ಮನುಷ್ಯನೇ ರೋಗವಾಗುತ್ತಾನೆ. ಜ್ವರ ಬಂದವನಿಗೆ ವಾರ ಕಳೆದ ಮೇಲೆ ಆ ಹೆಸರಿಲ್ಲ. ‘ಹುಚ್ಚ’ನಿಗೆ, ‘ಕುಷ್ಠರೋಗಿ’ಗೆ ಗುಣವಾದ ಮೇಲೆಯೂ ಅದೇ ಹೆಸರು.

ಕುಷ್ಠದ ಕಥೆಯನ್ನೇ ನೋಡಬಹುದು. ಆಯುರ್ವೇದದಲ್ಲಿ ಕುಷ್ಠವೆಂದರೆ 18 ಬಗೆಯ ಚರ್ಮರೋಗಗಳ ಸಮೂಹ. ಜನರ ಬಾಯಲ್ಲಿ ಅದು ಒಂದೇ ಭಯಂಕರ ರೋಗವಾಯಿತು. ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕಣಗಳು ನಾಶವಾಗುತ್ತವೆ. ಅದು ಅಂಟುವುದಿಲ್ಲ, ಅಂಗವನ್ನು ಕೊರೆಯುವುದಿಲ್ಲ. ಆದರೂ ‘ಬಿಳಿ ಕುಷ್ಠ’ ಎಂಬ ಹೆಸರು ಬಿದ್ದುದರಿಂದ ಕುಷ್ಠದ ಭಯವೆಲ್ಲವೂ ಆ ನಿರಪಾಯದ ಕಲೆಗೆ ಅಂಟಿತು. ಹೆಣ್ಣುಮಕ್ಕಳ ಮದುವೆಯ ಮಾತುಗಳು ಮುರಿದವು. ಇನ್ನು ನಿಜವಾದ ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡಿದ್ದನು. 1980ರ ದಶಕದಿಂದ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯಿಂದ ಅದು 6ರಿಂದ 12 ತಿಂಗಳಲ್ಲಿ ಗುಣವಾಗುತ್ತದೆ. ಆದರೂ 1898ರ ಕುಷ್ಠರೋಗಿಗಳ ಕಾಯಿದೆಯು ರದ್ದಾದದ್ದು 2016ರಲ್ಲಿ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠವು ವಿಚ್ಛೇದನಕ್ಕೆ ಕಾರಣವೆಂಬ ಮಾತು 2019ರವರೆಗೂ ಉಳಿದಿತ್ತು. ರೋಗಕ್ಕೆ ಮದ್ದು ದೊರೆತು ಮೂರು ದಶಕಗಳಾದ ಮೇಲೆಯೂ ಪದಕ್ಕೆ ಮದ್ದು ದೊರೆತಿರಲಿಲ್ಲ.

ಮೈನಾಸುಂದರಿಯ ಕಥೆಯನ್ನು ಬಲ್ಲ ಶ್ರಾವಕರಿಗೆ ಇದು ಹೊಸತಲ್ಲ. ಲೋಕವು ಕುಷ್ಠಿಯೆಂದು ದೂರವಿಟ್ಟವನಲ್ಲಿ ಆಕೆ ಶ್ರೀಪಾಲನನ್ನು ಕಂಡಳು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಯು ರೋಗಪೀಡಿತ ದೇಹದ ಬಗೆಗೆ ಜುಗುಪ್ಸೆಯನ್ನೇ ನಿಷೇಧಿಸುತ್ತದೆ. ಉದ್ದಾಯನ ರಾಜನು ಅದಕ್ಕೆ ಆದರ್ಶ. ಶ್ವೇತಾಂಬರ ಆಗಮವಾದ ದಶವೈಕಾಲಿಕವು ವಾಕ್ಯಶುದ್ಧಿಯನ್ನು ಕುರಿತ ಏಳನೆಯ ಅಧ್ಯಯನದಲ್ಲಿ ಇನ್ನೂ ಸ್ಪಷ್ಟವಾಗಿ, ಒಕ್ಕಣ್ಣನನ್ನು ಒಕ್ಕಣ್ಣನೆಂದೂ ವ್ಯಾಧಿಗ್ರಸ್ತನನ್ನು ರೋಗಿಯೆಂದೂ ಕರೆಯಬಾರದೆಂದು ಮುನಿಗಳಿಗೆ ವಿಧಿಸುತ್ತದೆ.

ಹಾಗಾದರೆ ಇದ್ದುದನ್ನು ಇದ್ದಂತೆ ಹೇಳುವುದು ಸತ್ಯವಲ್ಲವೇ ಎಂಬ ಆಕ್ಷೇಪವೇಳಬಹುದು. ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಸತ್ಯಾಣುವ್ರತಿಯು ನುಡಿಯನೆಂಬುದು ಸಮಂತಭದ್ರಾಚಾರ್ಯರ ನಿರ್ಣಯ. ಹಾಗೆಂದು ರೋಗದ ಹೆಸರನ್ನು ಮುಚ್ಚಿಡುವುದೂ ಹಿತವಲ್ಲ. ವೈದ್ಯನು ಕುಷ್ಠವೆಂದು ಸ್ಪಷ್ಟವಾಗಿ ಹೇಳದಿದ್ದರೆ ಪೀಡಿತನು ಔಷಧವನ್ನು ನಡುವೆಯೇ ಬಿಟ್ಟಾನು. ರೋಗಕ್ಕೆ ಅದರ ಹೆಸರಿರಲಿ. ಮನುಷ್ಯನಿಗೆ ಅವನ ಹೆಸರಿರಲಿ. ಹೆಸರನ್ನು ಬದಲಿಸಿ ದೃಷ್ಟಿಯನ್ನು ಬದಲಿಸದಿದ್ದರೂ ಫಲವಿಲ್ಲ. ಬೆಂಗಳೂರಿನ ಹುಚ್ಚರ ಆಶ್ರಯಾಲಯವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನೂ 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರನ್ನೂ ಪಡೆಯಿತು. ಅಲ್ಲಿಗೆ ಹೋಗಿಬಂದವನನ್ನು ನೋಡುವ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ.

ಜಡಿಗೇನಹಳ್ಳಿಯ ಅರ್ಜಿಯಲ್ಲಿ ಅಚ್ಚಾದ ಪದವನ್ನು ತಿದ್ದುವ ಅಧಿಕಾರವು ಅಂಗಡಿಯವರಿಗಿರಲಿಲ್ಲ. ಉದ್ರಿ ಪುಸ್ತಕವನ್ನು ತಿದ್ದುವ ಅಧಿಕಾರವಿತ್ತು. ಆ ಸಂಜೆ ‘ಕುಂಟ’ ಎಂಬುದನ್ನು ಹೊಡೆದುಹಾಕಿ ಆ ರೈತರ ತಂದೆಯ ಹೆಸರನ್ನು ಬರೆಯಲಾಯಿತು. ಅದಕ್ಕೆ ತಗುಲಿದ್ದು ಅರ್ಧ ನಿಮಿಷ. ತಡವಾಗಿದ್ದು ಹಲವು ವರ್ಷ. ಪ್ರತಿಯೊಬ್ಬ ಶ್ರಾವಕನ ಮನೆಯಲ್ಲಿ, ಅಂಗಡಿಯಲ್ಲಿ, ನಾಲಿಗೆಯಲ್ಲಿ ಇಂಥ ಪುಸ್ತಕವೊಂದಿರುತ್ತದೆ. ದಿನದ ಪ್ರತಿಕ್ರಮಣದಲ್ಲಿ ಅದನ್ನೂ ಒಮ್ಮೆ ತೆರೆದು ನೋಡುವುದು ಲೇಸು.